ಬಾಗಿಲ ಲಾಚ್ ದುರಸ್ತಿ: ಬಿಲ್ಲಿನ ಮೊತ್ತ ನಿರ್ಧಾರವಾಗುವುದು ಎಲ್ಲಿ?

ವಾಹನ ಸಲಹೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಬಾಗಿಲು ಸರಿಯಾಗಿ ತೆರೆಯುತ್ತಿಲ್ಲ, ಮುಚ್ಚಿಕೊಳ್ಳುತ್ತಿಲ್ಲ, ಅದರ ದುರಸ್ತಿಗೆ ಹೇಳಿದ ಮೊತ್ತ ಕೇಳಿದರೆ ಎದೆ ಧಸಕ್ಕೆನ್ನುತ್ತದೆ ಎಂದು ಹಲವು ಓದುಗರು ಬರೆದಿದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಬಾಗಿಲ ಲಾಚಿಗೇ, ಅಂದರೆ ಮುಚ್ಚಿದ ಬಾಗಿಲನ್ನು ಹಿಡಿದಿಡುವ ಭಾಗಕ್ಕೇ, ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಕಾರಿನ ಚಾಲಕನ ಬದಿಯ ಬಾಗಿಲು ಹೊರಗಿನ ಹ್ಯಾಂಡಲ್ ಎಳೆದರೆ ತೆರೆಯುವುದಿಲ್ಲ, ಒಳಗಿನಿಂದ ಮಾತ್ರ ಸಲೀಸಾಗಿ ತೆರೆಯುತ್ತದೆ. ಒಂದು ಗ್ಯಾರೇಜಿನಲ್ಲಿ ಇಡೀ ಲಾಚ್ ಬದಲಿಸಬೇಕೆಂದರು. ಇನ್ನೊಂದು ಕಡೆ ಅದರ ಕಾಲುಭಾಗದಷ್ಟು ಹಣಕ್ಕೆ ಸರಿಮಾಡಿ ಕೊಡುತ್ತೇವೆ ಎಂದರು. ಒಂದೇ ದೋಷಕ್ಕೆ ಇಷ್ಟು ಅಂತರ ಏಕೆ? ಯಾರ ಮಾತನ್ನು ನಂಬಬೇಕು?

ಉತ್ತರ: ನೀವು ಬರೆದಿರುವ ಲಕ್ಷಣದಲ್ಲೇ ಅರ್ಧ ಉತ್ತರವಿದೆ. ಒಳಗಿನ ಹ್ಯಾಂಡಲಿಗೆ ಬಾಗಿಲು ಸಲೀಸಾಗಿ ತೆರೆಯುತ್ತಿದೆಯೆಂದರೆ ಲಾಚ್ ತನ್ನ ಮುಖ್ಯ ಕೆಲಸವನ್ನು, ಅಂದರೆ ಹಿಡಿದುಕೊಳ್ಳುವುದನ್ನೂ ಬಿಡುವುದನ್ನೂ, ಮಾಡುತ್ತಲೇ ಇದೆ. ಹಾಗಿರುವಾಗ ದೋಷ ಇರುವುದು ಹೊರಗಿನ ಹ್ಯಾಂಡಲಿಗೂ ಲಾಚಿಗೂ ನಡುವಿನ ಹಾದಿಯಲ್ಲಿ ಎಂದು ಮೊದಲು ಶಂಕಿಸಬೇಕು.

ಈ ಹಾದಿ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುವುದು ಒಳ್ಳೆಯದು, ಏಕೆಂದರೆ ಬಿಲ್ಲಿನ ಅಂತರವೆಲ್ಲ ಹುಟ್ಟುವುದು ಇಲ್ಲಿಯೇ. ಬಾಗಿಲು ತೆರೆದು ಅದರ ಹಿಂಬದಿಯ ಅಂಚನ್ನು ನೋಡಿದರೆ ಒಂದು ಸೀಳು ಕಾಣುತ್ತದೆ. ಅದರೊಳಗೆ ಬಾಯಿ ತೆರೆದಂತಿರುವ ಉಕ್ಕಿನ ಒಂದು ಕೊಕ್ಕೆ ಇರುತ್ತದೆ. ಅದಕ್ಕೆ ಎದುರಾಗಿ ಕಾರಿನ ಕಂಬದ ಮೇಲೆ ಕೂರಿಸಿರುವ, ಸಾಮಾನ್ಯವಾಗಿ ಬಳೆಯ ಅರ್ಧಭಾಗದಂತೆ ಕಾಣುವ ದಪ್ಪ ಸರಳೇ ಸ್ಟ್ರೈಕರ್. ಬಾಗಿಲು ಮುಚ್ಚಿದಾಗ ಸ್ಟ್ರೈಕರ್ ಈ ಕೊಕ್ಕೆಯನ್ನು ತಳ್ಳಿ ತಿರುಗಿಸುತ್ತದೆ, ಕೊಕ್ಕೆ ಸ್ಟ್ರೈಕರನ್ನು ಸುತ್ತಿ ಹಿಡಿಯುತ್ತದೆ, ಹಿಂದಿನಿಂದ ಒಂದು ತಡೆಹಲ್ಲು ಸ್ಪ್ರಿಂಗಿನ ಬಲದಿಂದ ಬಂದು ಕೂತು ಕೊಕ್ಕೆ ಹಿಂದೆ ಸರಿಯದಂತೆ ಮಾಡುತ್ತದೆ. ನಾವು ಹ್ಯಾಂಡಲ್ ಎಳೆದಾಗ ಆಗುವುದು ಇಷ್ಟೇ: ಒಂದು ಸಣ್ಣ ರಾಡ್ ಅಥವಾ ಕೇಬಲ್ ಆ ತಡೆಹಲ್ಲನ್ನು ಪಕ್ಕಕ್ಕೆ ಸರಿಸುತ್ತದೆ. ಒಳಗಿನ ಹ್ಯಾಂಡಲಿಗೆ ಒಂದು ಹಾದಿ, ಹೊರಗಿನ ಹ್ಯಾಂಡಲಿಗೆ ಇನ್ನೊಂದು ಹಾದಿ. ಎರಡೂ ಕೊನೆಗೆ ಸೇರುವುದು ಅದೇ ತಡೆಹಲ್ಲಿಗೆ.

ಆದ್ದರಿಂದ ಒಂದು ಹಾದಿ ಸರಿಯಿದ್ದು ಇನ್ನೊಂದು ಕೆಟ್ಟಿದ್ದರೆ ಕೆಟ್ಟಿರುವ ಸಾಧ್ಯತೆ ಹೆಚ್ಚಿರುವುದು ಹ್ಯಾಂಡಲಿನ ಒಳಗಿನ ತುಂಡಾದ ಸನ್ನೆ, ಜಾರಿದ ರಾಡ್, ಸಡಿಲಗೊಂಡ ಕೇಬಲ್, ಅಥವಾ ರಾಡನ್ನು ಹಿಡಿದಿಡುವ ಬೆರಳುಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಕ್ಲಿಪ್. ಈ ಕ್ಲಿಪ್ ಬಿಸಿಲಿಗೂ ವಯಸ್ಸಿಗೂ ಪೆಡಸಾಗಿ ಬಿರಿಯುತ್ತದೆ. ಅದರ ಬೆಲೆ ಲಾಚಿನ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಇನ್ನೂ ಒಂದು ಸಾಧ್ಯತೆಯನ್ನು ಗ್ಯಾರೇಜಿಗೆ ಹೋಗುವ ಮೊದಲು ನೀವೇ ನೋಡಬಹುದು. ಬಾಗಿಲು ಲಾಕ್ ಸ್ಥಿತಿಯಲ್ಲೇ ಉಳಿದುಬಿಟ್ಟಿದ್ದರೆ ಹೊರಗಿನ ಹ್ಯಾಂಡಲ್ ಎಷ್ಟು ಎಳೆದರೂ ಅದು ಖಾಲಿ ಓಡಾಡುತ್ತದೆ. ಕೆಲವು ಕಾರುಗಳಲ್ಲಿ ಒಳಗಿನ ಹ್ಯಾಂಡಲ್ ಮಾತ್ರ ಲಾಕನ್ನೂ ಬಿಡಿಸಿಕೊಂಡು ತೆರೆಯುತ್ತದೆ. ರಿಮೋಟಿನಿಂದಲ್ಲದೆ ಕೀಲಿಯಿಂದಲೇ ಬಾಗಿಲನ್ನು ಅನ್‌ಲಾಕ್ ಮಾಡಿ ಹೊರಗಿನ ಹ್ಯಾಂಡಲ್ ಎಳೆಯಿರಿ. ಆಗ ತೆರೆದರೆ ದೋಷ ಹ್ಯಾಂಡಲಿನದಲ್ಲ, ಲಾಕ್ ಮಾಡುವ ಮೋಟರಿನ ಕಡೆಯದು.

ಹಾಗೆಂದು ಮೊದಲ ಗ್ಯಾರೇಜಿನವರು ಸುಳ್ಳು ಹೇಳಿದರು ಎಂದು ತೀರ್ಮಾನಿಸಬೇಡಿ. ಹೊರಗಿನ ರಾಡ್ ಬಂದು ಕೂರುವ ಸನ್ನೆ ಲಾಚಿನ ಒಳಗೇ ಮುರಿದಿರುವುದೂ ಉಂಟು. ಹಾಗಾಗಿದ್ದರೆ ಲಾಚ್ ಬದಲಿಸುವುದು ಅನಿವಾರ್ಯ. ಆದರೆ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಬಿಚ್ಚಿ ಒಳಗೆ ನೋಡದೆ ಈ ಎರಡರಲ್ಲಿ ಯಾವುದೆಂದು ಯಾರೂ ಹೇಳಲಾರರು. ಆದ್ದರಿಂದ ನೀವು ಕೇಳಬೇಕಾದದ್ದು, ‘ಲಾಚ್ ಬದಲಿಸಲು ಎಷ್ಟು?’ ಎಂದಲ್ಲ. ‘ಪ್ಯಾಡ್ ಬಿಚ್ಚಿ ದೋಷ ಎಲ್ಲಿದೆಯೆಂದು ತೋರಿಸಲು ಎಷ್ಟು, ಮುಂದುವರಿದರೆ ಆ ಮೊತ್ತವನ್ನು ಒಟ್ಟು ಕೂಲಿಯಲ್ಲಿ ಕಳೆಯುತ್ತೀರಾ?’ ಎಂದು ಕೇಳಿ. ಬಿಚ್ಚಿದ ಬಾಗಿಲಿನ ಮುಂದೆ ನಿಮ್ಮನ್ನು ನಿಲ್ಲಿಸಿಕೊಂಡು ಮುರಿದ ಭಾಗವನ್ನು ಬೆರಳಿಟ್ಟು ತೋರಿಸುವ ಮೆಕ್ಯಾನಿಕ್ ಹೇಳುವ ಮೊತ್ತ ಸ್ವಲ್ಪ ಹೆಚ್ಚಿದ್ದರೂ ಅವರ ಮಾತನ್ನು ನಂಬಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಲ್ಲಿನಲ್ಲಿ ಏನೇನು ಸೇರುತ್ತದೆ ಎಂಬುದನ್ನೂ ತಿಳಿದಿರಿ. ಮುಂಬಾಗಿಲಿನ ಲಾಚ್ ಬದಲಿಸಲು ಪಳಗಿದ ಕೈಗೆ ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಈ ಅವಧಿಯಲ್ಲಿ ಲಾಚಿನ ಸ್ಕ್ರೂಗಳನ್ನು ಬಿಚ್ಚಿ ಹಾಕುವ ಸಮಯ ಬಹಳ ಕಡಿಮೆ. ಹೆಚ್ಚಿನ ಕಾರುಗಳಲ್ಲಿ ಇರುವುದೇ ಮೂರು ಸ್ಕ್ರೂ. ಉಳಿದ ಹೊತ್ತೆಲ್ಲ ಹೋಗುವುದು ಪ್ಯಾಡ್ ತೆಗೆಯಲು, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಲು, ಗಾಜು ಓಡಾಡುವ ಚಾನೆಲನ್ನು ಪಕ್ಕಕ್ಕೆ ಸರಿಸಲು ಮತ್ತು ಇಷ್ಟನ್ನೂ ಮೊದಲಿನಂತೆ ಜೋಡಿಸಲು. ಹಾಗಾಗಿ ಸಣ್ಣ ಕ್ಲಿಪ್ ಹಾಕಿದರೂ ಇಡೀ ಲಾಚ್ ಹಾಕಿದರೂ ಕೂಲಿಯಲ್ಲಿ ಆಗುವ ವ್ಯತ್ಯಾಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ದೊಡ್ಡ ವ್ಯತ್ಯಾಸ ಬರುವುದು ಬಿಡಿಭಾಗದ ಬೆಲೆಯಿಂದ. ನಿಮಗೆ ಕಾಲುಭಾಗದ ಮೊತ್ತ ಹೇಳಿದವರು ಬಹುಶಃ ರಾಡ್, ಕ್ಲಿಪ್ ಅಥವಾ ಹ್ಯಾಂಡಲನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ.

ಪ್ಯಾಡ್ ಹೇಗೂ ಬಿಚ್ಚಿರುವಾಗ ಇನ್ನೆರಡು ಕೆಲಸಗಳನ್ನು ಅದೇ ಕೂಲಿಯಲ್ಲಿ ಮುಗಿಸಿಕೊಳ್ಳಿ. ಗಾಜು ಏರಿಳಿಯುವಾಗ ತಡವರಿಸುತ್ತಿದ್ದರೆ ಆ ಯಂತ್ರವನ್ನು ನೋಡಿಸಿ, ಸ್ಪೀಕರ್ ಗೊರಗುಟ್ಟುತ್ತಿದ್ದರೆ ಅದನ್ನೂ ನೋಡಿಸಿ. ಮುಂದೆ ಆರು ತಿಂಗಳಿಗೆ ಅದೇ ಪ್ಯಾಡನ್ನು ಮತ್ತೆ ಬಿಚ್ಚಿಸಿದರೆ ಮತ್ತೆ ಅಷ್ಟೇ ಕೂಲಿ.

ಪ್ರಶ್ನೆ: ನಮ್ಮ ಕಾರಿನ ಎಡಬದಿಯ ಮುಂಬಾಗಿಲು ಕೆಲವೊಮ್ಮೆ ಮುಚ್ಚಿಕೊಳ್ಳುವುದೇ ಇಲ್ಲ. ಜೋರಾಗಿ ಎಳೆದರೆ ಬಡಿದು ವಾಪಸು ಬರುತ್ತದೆ. ಇನ್ನು ಕೆಲವೊಮ್ಮೆ ಮುಚ್ಚಿದಂತೆ ಕಂಡರೂ ಮೀಟರಿನಲ್ಲಿ ಬಾಗಿಲು ತೆರೆದಿರುವ ಸೂಚನೆ ಬರುತ್ತದೆ. ಲಾಚ್ ಕೆಟ್ಟಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಉತ್ತರ: ಇದಕ್ಕೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಯಾವ ಗ್ಯಾರೇಜಿಗೆ ಹೋಗುವ ಮೊದಲೂ ಅದನ್ನು ಮಾಡಿ ನೋಡಬೇಕೆಂದು ಒತ್ತಾಯದಿಂದ ಹೇಳುತ್ತೇನೆ.

ಬಾಗಿಲನ್ನು ಪೂರ್ತಿ ತೆರೆದಿಟ್ಟುಕೊಳ್ಳಿ. ಒಂದು ಸ್ಕ್ರೂಡ್ರೈವರಿನ ತುದಿಯಿಂದ ಲಾಚಿನ ಕೊಕ್ಕೆಯನ್ನು, ಸ್ಟ್ರೈಕರ್ ಒಳಗೆ ಬರುವ ದಿಕ್ಕಿನಲ್ಲೇ, ನಿಧಾನವಾಗಿ ಒತ್ತಿ. ಮೊದಲು ಒಂದು ‘ಟಕ್’ ಸದ್ದು, ಇನ್ನಷ್ಟು ಒತ್ತಿದರೆ ಎರಡನೆಯ ‘ಟಕ್’ ಸದ್ದು ಕೇಳಬೇಕು. ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ಣ ಹಿಡಿತ. ಕೊಕ್ಕೆ ಎರಡನೆಯ ಹಂತದಲ್ಲಿ ಅಲ್ಲಾಡದೆ ನಿಲ್ಲಬೇಕು. ಈಗ ಹೊರಗಿನ ಹ್ಯಾಂಡಲ್ ಎಳೆಯಿರಿ. ಕೊಕ್ಕೆ ಚಿಮ್ಮಿ ಪೂರ್ತಿ ತೆರೆದುಕೊಳ್ಳಬೇಕು. ಮತ್ತೆ ಮುಚ್ಚಿ ಒಳಗಿನ ಹ್ಯಾಂಡಲಿನಿಂದಲೂ ಹೀಗೆಯೇ ನೋಡಿ. ಪರೀಕ್ಷೆ ಮುಗಿದ ಮೇಲೆ ಕೊಕ್ಕೆ ತೆರೆದಿದೆಯೇ ಎಂದು ಕಣ್ಣಾರೆ ನೋಡದೆ ಬಾಗಿಲನ್ನು ಹಾಕಬೇಡಿ: ಮುಚ್ಚಿದ ಕೊಕ್ಕೆ ಸ್ಟ್ರೈಕರಿಗೆ ಬಡಿದರೆ ಇಲ್ಲದ ದುರಸ್ತಿಯೊಂದು ಹೊಸದಾಗಿ ಹುಟ್ಟುತ್ತದೆ.

ಕೊಕ್ಕೆ ಒತ್ತಿದಾಗ ನಿಲ್ಲದೆ ಹಿಂದಕ್ಕೆ ಬರುತ್ತಿದ್ದರೆ ತಡೆಹಲ್ಲು ಕೂರುತ್ತಿಲ್ಲ ಎಂದರ್ಥ. ಅದಕ್ಕೆ ಕಾರಣ ಹೆಚ್ಚಾಗಿ ಒಣಗಿ ಗಟ್ಟಿಯಾದ ಗ್ರೀಸು ಮತ್ತು ಧೂಳು, ಕೆಲವೊಮ್ಮೆ ಮುರಿದ ಸ್ಪ್ರಿಂಗ್. ಇನ್ನೂ ಒಂದಿದೆ: ಹ್ಯಾಂಡಲ್ ಎಳೆದ ಮೇಲೆ ಪೂರ್ತಿ ಹಿಂದಿರುಗದೆ ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ ಅದು ತಡೆಹಲ್ಲನ್ನು ಪಕ್ಕಕ್ಕೆ ಎಳೆದೇ ಹಿಡಿದಿರುತ್ತದೆ, ಆಗ ಲಾಚಿನದು ಏನೂ ತಪ್ಪಿಲ್ಲದಿದ್ದರೂ ಬಾಗಿಲು ಬಡಿದು ವಾಪಸು ಬರುತ್ತದೆ. ಗಟ್ಟಿಯಾದ ಗ್ರೀಸಿನ ದೋಷಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಕೊಕ್ಕೆಯನ್ನು ಹತ್ತಾರು ಸಲ ತೆರೆದು ಮುಚ್ಚಿ, ಕರಗಿ ಇಳಿದ ಕಪ್ಪು ಕೊಳೆಯನ್ನು ಬಟ್ಟೆಯಿಂದ ಒರೆಸಿ, ಕೊನೆಗೆ ಬಿಳಿ ಲಿಥಿಯಂ ಗ್ರೀಸ್ ಹಾಕಿದರೆ ಸಾಕಾಗುತ್ತದೆ. ಬರಿಯ ಸ್ಪ್ರೇ ಹೊಡೆದು ಬಿಟ್ಟರೆ ಅದು ಹಳೆಯ ಗ್ರೀಸನ್ನೂ ತೊಳೆದುಬಿಡುವುದರಿಂದ ಕೆಲವು ವಾರಗಳಲ್ಲಿ ಮೊದಲಿಗಿಂತ ಹೆಚ್ಚು ಬಿಗಿಯಾಗುತ್ತದೆ. ಆ ಕೊನೆಯ ಹಂತವನ್ನು ಬಿಡಬೇಡಿ.

ಕೊಕ್ಕೆ ಎರಡು ಹಂತಗಳಲ್ಲೂ ಸರಿಯಾಗಿ ನಿಂತು ಹ್ಯಾಂಡಲಿಗೆ ಸರಿಯಾಗಿ ಬಿಡುತ್ತಿದ್ದರೆ ಲಾಚ್ ಆರೋಗ್ಯವಾಗಿದೆ, ಲಾಚಿಗೆ ಹಣ ಕೊಡಬೇಡಿ. ಆಗ ನೋಡಬೇಕಾದದ್ದು ಸ್ಟ್ರೈಕರನ್ನು ಮತ್ತು ಕೀಲುಗಳನ್ನು. ಬಾಗಿಲನ್ನು ಅರ್ಧ ತೆರೆದು ಅದರ ತುದಿಯನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕೀಲಿನ ಬಳಿ ಆಟ ಕಂಡರೆ ಕೀಲಿನ ಪಿನ್ನು, ಬುಷ್ ಸವೆದು ಬಾಗಿಲು ಜೋತುಬಿದ್ದಿದೆ. ಜೋತುಬಿದ್ದ ಬಾಗಿಲಿನ ಕೊಕ್ಕೆ ಸ್ಟ್ರೈಕರಿನ ಮಧ್ಯಕ್ಕೆ ಬಾರದೆ ಅದರ ಕೆಳಭಾಗಕ್ಕೆ ಉಜ್ಜುತ್ತದೆ, ಸ್ಟ್ರೈಕರಿನ ಮೇಲೆ ಒಂದೇ ಕಡೆ ಹೊಳೆಯುವ ಸವೆತದ ಗುರುತು ಕಾಣುತ್ತದೆ. ಹೆಚ್ಚಿನ ಕಾರುಗಳಲ್ಲಿ ಸ್ಟ್ರೈಕರಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಕೆಲವು ಮಿಲಿಮೀಟರ್ ಅತ್ತಿತ್ತ ಸರಿಸಬಹುದು. ಇದು ಕೆಲವೇ ನಿಮಿಷಗಳ ಕೆಲಸ, ಬಿಡಿಭಾಗವೂ ಬೇಕಿಲ್ಲ. ಆದರೆ ಕೀಲು ಸವೆದಿರುವಾಗ ಸ್ಟ್ರೈಕರನ್ನು ಮಾತ್ರ ಕೆಳಗಿಳಿಸಿ ಕಳಿಸಿದರೆ ಅದು ತಾತ್ಕಾಲಿಕ ಶಮನವಷ್ಟೆ. ಬಾಗಿಲು ಇನ್ನಷ್ಟು ಜೋತುಬಿದ್ದ ಮೇಲೆ ಅದೇ ತೊಂದರೆ ಮರಳುತ್ತದೆ, ಈ ನಡುವೆ ಅಡ್ಡಾದಿಡ್ಡಿ ಬಲ ಬಿದ್ದು ಒಳ್ಳೆಯ ಲಾಚೂ ಹಾಳಾಗುತ್ತದೆ.

ಬಾಗಿಲು ಗಟ್ಟಿಯಾಗಿ ಮುಚ್ಚಿದ್ದರೂ ಮೀಟರಿನ ಸೂಚನೆ ಆರದಿದ್ದರೆ ಅದು ಬೇರೆಯ ಕಥೆ. ಇಂದಿನ ಬಹುತೇಕ ಕಾರುಗಳಲ್ಲಿ ಬಾಗಿಲು ತೆರೆದಿದೆಯೆಂದು ತಿಳಿಸುವ ಸಣ್ಣ ಸ್ವಿಚ್ ಲಾಚಿನ ಒಳಗೇ ಇರುತ್ತದೆ. ಅದು ಕೆಟ್ಟರೆ ಒಳಗಿನ ದೀಪ ಆರದೆ ಉಳಿದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುವುದುಂಟು. ಆದರೆ ನೀವು ‘ಮುಚ್ಚಿದಂತೆ ಕಂಡರೂ’ ಎಂದು ಬರೆದಿದ್ದೀರಿ. ಬಾಗಿಲು ಅರ್ಧ ಹಿಡಿತದಲ್ಲಿ ನಿಂತಿದ್ದು ಸೂಚನೆ ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಇದೆ. ಹೊರಗಿನಿಂದ ನೋಡಿದಾಗ ಈ ಬಾಗಿಲು ಪಕ್ಕದ ಬಾಗಿಲಿಗಿಂತ ತುಸು ಹೊರಚಾಚಿದ್ದರೆ, ಓಡುವಾಗ ಗಾಳಿಯ ಸುಯ್ಯೆನ್ನುವ ಸದ್ದು ಹೆಚ್ಚಿದ್ದರೆ, ಅದು ಅರ್ಧ ಹಿಡಿತವೇ. ಆ ಸ್ಥಿತಿಯಲ್ಲಿ ಕಾರನ್ನು ದಯವಿಟ್ಟು ಓಡಿಸಬೇಡಿ, ಅದರಲ್ಲೂ ಆ ಬದಿಯಲ್ಲಿ ಯಾರನ್ನೂ ಕೂರಿಸಿಕೊಂಡು ಹೋಗಬೇಡಿ.

ಪ್ರಶ್ನೆ: ಸೆಂಟ್ರಲ್ ಲಾಕಿನಲ್ಲಿ ಮೂರು ಬಾಗಿಲು ಸರಿಯಾಗಿ ಲಾಕ್ ಆಗುತ್ತವೆ, ಒಂದು ಮಾತ್ರ ಆಗುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಪೂರ್ತಿ ಲಾಚ್ ಬದಲಿಸಬೇಕು ಎನ್ನುತ್ತಾರೆ. ಕೆಟ್ಟಿರುವುದು ಸಣ್ಣ ಮೋಟರ್ ಒಂದೇ ಅಲ್ಲವೇ? ಅದನ್ನಷ್ಟೇ ಏಕೆ ಬದಲಿಸುವುದಿಲ್ಲ?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಹಳೆಯ ಕಾರುಗಳಲ್ಲಿ ಲಾಕ್ ಮಾಡುವ ಮೋಟರ್ ಬಾಗಿಲಿನೊಳಗೆ ಬೇರೆಯಾಗಿ ಕೂತಿರುತ್ತಿತ್ತು. ಎರಡು ಸ್ಕ್ರೂ ಬಿಚ್ಚಿ ಅದನ್ನಷ್ಟೇ ಬದಲಿಸಬಹುದಿತ್ತು. ಈಚಿನ ಕಾರುಗಳಲ್ಲಿ ಕೊಕ್ಕೆ, ತಡೆಹಲ್ಲು, ಮೋಟರ್, ಅದರ ಪ್ಲಾಸ್ಟಿಕ್ ಗೇರುಗಳು, ಸೂಚನೆಯ ಸ್ವಿಚ್ಚುಗಳು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿ ರಿವೆಟ್ ಹೊಡೆದು ಮುಚ್ಚಿರುತ್ತಾರೆ. ಜೋಡಣೆ ಬೇಗ ಮುಗಿಯುತ್ತದೆ, ಕಳ್ಳರಿಗೆ ಒಳಗಿನ ಸನ್ನೆಗಳು ಸುಲಭಕ್ಕೆ ಸಿಗುವುದಿಲ್ಲ, ನೀರು, ಧೂಳು ಒಳಹೋಗುವುದು ಕಡಿಮೆಯಾಗುತ್ತದೆ ಎಂಬುದು ಅದರ ಅನುಕೂಲ. ಸಣ್ಣ ಗೇರ್ ಒಂದು ಬಿರಿದರೂ ಇಡೀ ಡಬ್ಬಿಯ ಬೆಲೆ ತೆರಬೇಕಾಗುವುದು ಕೊಳ್ಳುವವನ ಪಾಲಿನ ನಷ್ಟ. ಇಂಥ ಸಣ್ಣ ಭಾಗಗಳನ್ನು ಬಿಡಿಯಾಗಿ ಮಾರುವ ಹೊಣೆ ತಯಾರಕರ ಮೇಲಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ, ಆದರೆ ಸದ್ಯದ ವಾಸ್ತವ ಹಾಗಿಲ್ಲ.

ಆದರೂ ಮೊತ್ತಕ್ಕೆ ಒಪ್ಪುವ ಮೊದಲು ಎರಡು ವಿಷಯ ಕೇಳಿ. ಲಾಕ್ ಬಟನ್ ಒತ್ತಿದಾಗ ಆ ಬಾಗಿಲಿನೊಳಗಿನಿಂದ ಏನಾದರೂ ಸದ್ದು ಬರುತ್ತದೆಯೇ? ಸದ್ದು ಬಂದೂ ಲಾಕ್ ಆಗದಿದ್ದರೆ ಮೋಟರ್ ತಿರುಗುತ್ತಿದೆ, ಗೇರ್ ಅಥವಾ ಸನ್ನೆ ಕೈಕೊಟ್ಟಿದೆ. ಸದ್ದೇ ಇಲ್ಲದಿದ್ದರೆ ಮೋಟರಿಗೆ ವಿದ್ಯುತ್ ಬರುತ್ತಿದೆಯೇ ಎಂದು ಮೀಟರ್ ಇಟ್ಟು ಅಳೆದರೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆಯಾಗಲಿ. ಬಾಗಿಲಿಗೂ ಕಂಬಕ್ಕೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ತೋಳೊಂದು ಕಾಣುತ್ತದೆಯಲ್ಲ, ಅದರೊಳಗಿನ ವೈರುಗಳು ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಮಡಚಿ ಮಡಚಿ ವರ್ಷಗಳ ನಂತರ ತುಂಡಾಗುತ್ತವೆ. ಅದೇ ಬಾಗಿಲಿನ ಸ್ಪೀಕರ್ ಅಥವಾ ಗಾಜಿನ ಸ್ವಿಚ್ ಕೂಡ ಆಗಾಗ ಕೆಲಸ ನಿಲ್ಲಿಸುತ್ತಿದ್ದರೆ ಈ ಅನುಮಾನ ಇನ್ನೂ ಬಲವಾಗುತ್ತದೆ. ತುಂಡಾದ ವೈರನ್ನು ಜೋಡಿಸಲು ತಾಳ್ಮೆ ಬೇಕು, ಲಾಚ್ ಬೇಕಿಲ್ಲ. ಹೊಸ ಲಾಚ್ ಹಾಕಿದ ಮೇಲೂ ಲಾಕ್ ಆಗದೆ, ಆಮೇಲೆ ವೈರ್ ಹುಡುಕಲು ಹೊರಟರೆ ಲಾಚಿನ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಬಿಡಿಸಿದ ವಿದ್ಯುತ್ ಭಾಗವನ್ನು ಅನೇಕ ಕಡೆ ವಾಪಸು ತೆಗೆದುಕೊಳ್ಳುವುದೂ ಇಲ್ಲ.

ಮೋಟರೇ ಕೆಟ್ಟಿದೆಯೆಂದು ಖಚಿತವಾಗಿ, ಕೊಕ್ಕೆಯ ಭಾಗ ಚೆನ್ನಾಗಿಯೇ ಇದ್ದರೆ ಇನ್ನೊಂದು ದಾರಿಯೂ ಉಂಟು. ಕೆಲವು ಮಾದರಿಗಳಿಗೆ ಮೋಟರ್ ಭಾಗವನ್ನಷ್ಟೇ ಬಿಡಿಯಾಗಿ ಮಾರುತ್ತಾರೆ. ಅಲ್ಲದೆ, ಬಾಗಿಲನ್ನು ಕೀಲಿಯಿಂದ ಅಥವಾ ಒಳಗಿನ ಗುಂಡಿಯಿಂದ ಲಾಕ್ ಮಾಡಲು ಬರುತ್ತಿದ್ದರೆ ಸುರಕ್ಷತೆಗೆ ತಕ್ಷಣದ ಅಪಾಯವಿಲ್ಲ. ಈ ಒಂದು ದೋಷದಲ್ಲಿ ಮಾತ್ರ, ಕೈಯಲ್ಲಿ ಹಣ ಕೂಡಿಬರುವವರೆಗೆ ದುರಸ್ತಿಯನ್ನು ಮುಂದೂಡಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ.

ಪ್ರಶ್ನೆ: ಕಂಪನಿಯ ಲಾಚ್ ದುಬಾರಿ. ಬೇರೆ ತಯಾರಕರದು ಅದರ ಅರ್ಧ ಬೆಲೆಗೆ ಸಿಗುತ್ತದೆ. ಹಳೆಯ ಕಾರಿನಿಂದ ಬಿಚ್ಚಿದ್ದು ಇನ್ನೂ ಕಡಿಮೆಗೆ ಸಿಗುತ್ತದೆ. ಯಾವುದನ್ನು ಹಾಕಿಸುವುದು ಸರಿ?

ಉತ್ತರ: ಹ್ಯಾಂಡಲ್, ರಾಡ್, ಕ್ಲಿಪ್, ಕೇಬಲ್ ಇವುಗಳಲ್ಲಿ ಅಗ್ಗದ್ದನ್ನು ಆರಿಸಿಕೊಳ್ಳಿ, ನನ್ನ ತಕರಾರಿಲ್ಲ. ಅವು ಮುರಿದರೆ ಬಾಗಿಲು ತೆರೆಯುವುದಿಲ್ಲ, ಅಷ್ಟೇ. ಆದರೆ ಕೊಕ್ಕೆ ಮತ್ತು ತಡೆಹಲ್ಲು ಇರುವ ಲಾಚಿನ ವಿಷಯದಲ್ಲಿ ಉಳಿತಾಯದ ಲೆಕ್ಕವನ್ನು ಬದಿಗಿಡಬೇಕು. ಅಪಘಾತದಲ್ಲಿ ಕಾರು ಉರುಳಿದಾಗ ಬಾಗಿಲು ತೆರೆದುಕೊಂಡರೆ ಒಳಗಿದ್ದವರು ಹೊರಗೆಸೆಯಲ್ಪಡುತ್ತಾರೆ. ಹಾಗೆ ಹೊರಬಿದ್ದವರು ಬದುಕುಳಿಯುವ ಸಾಧ್ಯತೆ ಒಳಗೇ ಉಳಿದವರಿಗಿಂತ ಬಹಳ ಕಡಿಮೆ.

ಲಾಚ್ ಎಷ್ಟು ಬಲ ತಡೆಯಬೇಕೆಂಬುದಕ್ಕೆ ಅಂತಾರಾಷ್ಟ್ರೀಯ ನಿಯಮವೇ ಇದೆ. ವಿಶ್ವಸಂಸ್ಥೆಯ ವೇದಿಕೆಯಲ್ಲಿ ವಾಹನಗಳಿಗಾಗಿ ರೂಪಿಸಲಾದ ಜಾಗತಿಕ ತಾಂತ್ರಿಕ ನಿಯಮಗಳಲ್ಲಿ ಮೊದಲನೆಯದು, 2004ರಲ್ಲಿ ಸ್ವೀಕೃತವಾದದ್ದು, ಬಾಗಿಲ ಲಾಚ್ ಮತ್ತು ಕೀಲುಗಳಿಗೆ ಸಂಬಂಧಿಸಿದ್ದು. ಪೂರ್ಣ ಹಿಡಿತದಲ್ಲಿರುವ ಲಾಚ್ ಒಂದು ದಿಕ್ಕಿನಲ್ಲಿ 11,000 ನ್ಯೂಟನ್, ಅಂದರೆ ಸುಮಾರು 1,100 ಕಿಲೋ ತೂಕಕ್ಕೆ ಸಮನಾದ ಬಲವನ್ನು, ಕೊಕ್ಕೆ ತೆರೆದುಕೊಳ್ಳುವ ದಿಕ್ಕಿನಲ್ಲಿ 9,000 ನ್ಯೂಟನ್ ಬಲವನ್ನು ಬಿಟ್ಟುಕೊಡದೆ ತಡೆಯಬೇಕು ಎಂದು ಅದು ವಿಧಿಸುತ್ತದೆ. ಅರ್ಧ ಹಿಡಿತಕ್ಕೆ ಅದು ಕೇಳುವುದು 4,500 ನ್ಯೂಟನ್ ಮಾತ್ರ. ಅರ್ಧ ಹಿಡಿತದಲ್ಲಿ ಓಡಿಸಬೇಡಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದಕ್ಕೆ ಇದೇ ಕಾರಣ. ಗುರುತ್ವದ 30 ಪಟ್ಟು ವೇಗೋತ್ಕರ್ಷದ ಹೊಡೆತಕ್ಕೂ ಲಾಚ್ ತಾನಾಗಿ ಬಿಟ್ಟುಕೊಳ್ಳಬಾರದು ಎಂಬ ಷರತ್ತೂ ಅದರಲ್ಲಿದೆ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಲಾಚ್ ಈ ಪರೀಕ್ಷೆಗಳನ್ನು ದಾಟಿದೆಯೇ ಎಂದು ಅಂಗಡಿಯ ಮುಂದೆ ನಿಂತು ತಿಳಿಯುವ ಉಪಾಯವಿಲ್ಲ.

ಹಾಗಾದರೆ ಕಂಪನಿಯದೇ ಆಗಬೇಕೆ? ಅಗತ್ಯವಿಲ್ಲ. ಕಾರು ತಯಾರಕರಿಗೆ ಲಾಚ್ ಮಾಡಿಕೊಡುವ ಮೂಲ ತಯಾರಕರು ಅದನ್ನು ತಮ್ಮ ಹೆಸರಿನಲ್ಲೂ ಮಾರುವುದುಂಟು. ಅದು ಸಿಕ್ಕರೆ ಗುಣ ಅದೇ, ಬೆಲೆ ಕಡಿಮೆ. ಹಳೆಯ ಕಾರಿನಿಂದ ಬಿಚ್ಚಿದ್ದಾದರೂ ಅದು ಕಂಪನಿಯ ಮೂಲ ಭಾಗವೇ ಆಗಿರುತ್ತದೆ. ಅದು ಅಪಘಾತದಲ್ಲಿ ಆ ಬದಿಗೇ ಪೆಟ್ಟು ಬಿದ್ದ ಕಾರಿನದಲ್ಲ ಎಂಬ ಖಾತ್ರಿಯಿದ್ದರೆ, ಕೊಕ್ಕೆಯ ಅಂಚು ಸವೆಯದೆ ಚೂಪಾಗಿದ್ದರೆ, ಮೇಲೆ ಹೇಳಿದ ಸ್ಕ್ರೂಡ್ರೈವರ್ ಪರೀಕ್ಷೆಯಲ್ಲಿ ಎರಡೂ ‘ಟಕ್’ ಸ್ಪಷ್ಟವಾಗಿದ್ದರೆ, ಹೆಸರಿಲ್ಲದ ಹೊಸ ಲಾಚಿಗಿಂತ ಅದನ್ನೇ ನಾನು ಮೆಚ್ಚುತ್ತೇನೆ. ಅದರೊಳಗಿನ ಮೋಟರಿಗೂ ಅಷ್ಟೇ ವಯಸ್ಸಾಗಿರುತ್ತದೆ ಎಂಬುದನ್ನು ಮಾತ್ರ ಮರೆಯದಿರಿ.

ಕೊಳ್ಳುವಾಗ ಎಡ, ಬಲ, ಮುಂದು, ಹಿಂದು ಎಂಬುದನ್ನು ಸರಿಯಾಗಿ ಹೇಳಿ; ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಮಾದರಿಯ ಕಾರಿನಲ್ಲೂ ಸೆಂಟ್ರಲ್ ಲಾಕ್ ಇರುವುದಕ್ಕೆ, ಇಲ್ಲದಿರುವುದಕ್ಕೆ, ಕೀಲಿ ತಿರುಗಿಸದೆ ತೆರೆಯುವ ಸೌಲಭ್ಯವಿರುವುದಕ್ಕೆ ಬೇರೆ ಬೇರೆ ಲಾಚ್ ಇರುತ್ತದೆ. ಕಾರಿನ 17 ಅಕ್ಷರಾಂಕಗಳ ಚಾಸಿ ಸಂಖ್ಯೆಯನ್ನು ಕೊಟ್ಟು ಬಿಡಿಭಾಗದ ಸಂಖ್ಯೆಯನ್ನು ಹೊಂದಿಸಿಕೊಂಡರೆ ಎರಡನೆಯ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಪ್ರಶ್ನೆ: ಹಿಂಬಾಗಿಲು ಒಳಗಿನಿಂದಲೂ ತೆರೆಯುವುದಿಲ್ಲ, ಹೊರಗಿನಿಂದಲೂ ತೆರೆಯುವುದಿಲ್ಲ. ಮಾಮೂಲಿ ಲಾಚ್ ಬದಲಾವಣೆಗಿಂತ ಎರಡು ಪಟ್ಟು ಕೂಲಿ ಕೇಳುತ್ತಿದ್ದಾರೆ. ಇದು ನ್ಯಾಯವೇ?

ಉತ್ತರ: ನ್ಯಾಯವೇ. ಡೋರ್ ಪ್ಯಾಡಿನ ಸ್ಕ್ರೂಗಳಲ್ಲಿ ಕೆಲವು ಮತ್ತು ಲಾಚಿನ ಸ್ಕ್ರೂಗಳೆಲ್ಲವೂ ಬಾಗಿಲು ತೆರೆದಾಗ ಮಾತ್ರ ಕೈಗೆ ಸಿಗುವಂಥವು. ಮುಚ್ಚಿಕೊಂಡ ಬಾಗಿಲಿನಲ್ಲಿ ಸೀಟನ್ನು ಸರಿಸಿ ಅಥವಾ ತೆಗೆದು, ಪ್ಯಾಡನ್ನು ಒಳಗಿನಿಂದಲೇ ಬಗ್ಗಿಸಿ ಬಿಡಿಸಿ, ಸಿಕ್ಕಷ್ಟು ಸಂದಿಯಲ್ಲಿ ಕೈ ಅಥವಾ ಉದ್ದನೆಯ ಸಲಾಕೆ ತೂರಿಸಿ ತಡೆಹಲ್ಲಿನ ಸನ್ನೆಯನ್ನು ಹುಡುಕಿ ತಳ್ಳಬೇಕಾಗುತ್ತದೆ. ಪ್ಯಾಡ್ ಮುರಿಯದೆ ಈ ಕೆಲಸ ಮಾಡುವುದು ನಿಜವಾಗಿಯೂ ಕುಶಲಿಗಳ ಕೆಲಸ. ಕೆಲವೊಮ್ಮೆ ಪ್ಯಾಡನ್ನು ಕತ್ತರಿಸದೆ ಬೇರೆ ದಾರಿಯೇ ಇರುವುದಿಲ್ಲ. ಹಾಗೆ ಕತ್ತರಿಸಬೇಕಾದರೆ ಮೊದಲೇ ನಿಮ್ಮ ಒಪ್ಪಿಗೆ ಪಡೆಯಬೇಕು ಎಂದು ಬರಹದಲ್ಲಿ ಹಾಕಿಸಿಕೊಳ್ಳಿ, ಏಕೆಂದರೆ ಪ್ಯಾಡಿನ ಬೆಲೆ ಲಾಚಿಗಿಂತ ಹೆಚ್ಚಿರುವುದು ಸಾಮಾನ್ಯ.

ಈ ಸ್ಥಿತಿ ಒಮ್ಮೆಗೇ ಬರುವುದು ಅಪರೂಪ. ಮೊದಲು ಒಂದು ಹ್ಯಾಂಡಲ್ ಕೈಕೊಡುತ್ತದೆ, ಇನ್ನೊಂದರಲ್ಲಿ ತಿಂಗಳುಗಟ್ಟಲೆ ಕಾಲ ತಳ್ಳುತ್ತೇವೆ, ಕೊನೆಗೆ ಎರಡೂ ನಿಲ್ಲುತ್ತವೆ. ಒಂದು ಹ್ಯಾಂಡಲ್ ಇನ್ನೂ ಬಾಗಿಲು ತೆರೆಯುತ್ತಿರುವಾಗಲೇ ದುರಸ್ತಿ ಮಾಡಿಸಿದರೆ ಕೂಲಿ ಮಾಮೂಲಿಯದು. ಇನ್ನೊಂದು ಮಾತು: ಹಿಂಬಾಗಿಲು ಒಳಗಿನಿಂದ ಮಾತ್ರ ತೆರೆಯದಿದ್ದು ಹೊರಗಿನಿಂದ ತೆರೆಯುತ್ತಿದ್ದರೆ, ಬಾಗಿಲಿನ ಅಂಚಿನಲ್ಲಿರುವ ಮಕ್ಕಳ ಲಾಕಿನ ಗುಂಡಿಯನ್ನು ಮೊದಲು ನೋಡಿ. ಕಾರು ತೊಳೆಯುವಾಗ ಬಟ್ಟೆ ತಗುಲಿ ಅದು ಸರಿದಿರುತ್ತದೆ, ಅದಕ್ಕೆ ಯಾವ ದುರಸ್ತಿಯೂ ಬೇಡ.

ಪ್ರಶ್ನೆ: ಲಾಚ್ ದುರಸ್ತಿಯ ಹಣವನ್ನು ವಿಮೆಯಿಂದ ಪಡೆಯಬಹುದೇ?

ಉತ್ತರ: ತನ್ನಷ್ಟಕ್ಕೆ ಸವೆದು ಕೆಟ್ಟಿದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ, ವಾಹನ ವಿಮೆ ಸವೆತವನ್ನು ಹೊರಗಿಡುತ್ತದೆ. ಅಪಘಾತದಿಂದ ಅಥವಾ ಕಳ್ಳರು ಬಾಗಿಲು ಮೀಟಿದ್ದರಿಂದ ಹಾನಿಯಾಗಿದ್ದು, ನಿಮ್ಮ ಪಾಲಿಸಿ ಸ್ವಂತ ವಾಹನದ ಹಾನಿಯನ್ನೂ ಒಳಗೊಂಡಿದ್ದರೆ ಕೇಳಬಹುದು. ಆಗಲೂ ನೀವೇ ಭರಿಸಬೇಕಾದ ಆರಂಭಿಕ ಮೊತ್ತ ಮತ್ತು ಮುಂದಿನ ವರ್ಷ ಕಳೆದುಕೊಳ್ಳುವ ರಿಯಾಯಿತಿ ಎರಡನ್ನೂ ಕೂಡಿಸಿ ನೋಡಿ. ಒಂದೇ ಲಾಚಿಗಾಗಿ ಕ್ಲೇಮ್ ಮಾಡುವುದು ಹಲವು ಸಲ ಗಿಟ್ಟುವುದಿಲ್ಲ.

ವಿಮೆಗಿಂತ ಮೊದಲು ವಾರಂಟಿಯನ್ನು ನೋಡಿ. ಅದಕ್ಕಿಂತಲೂ ಮೊದಲು ನಿಮ್ಮ ಕಾರಿನ ಚಾಸಿ ಸಂಖ್ಯೆಗೆ ತಯಾರಕರು ದೋಷ ಸರಿಪಡಿಸುವ ಹಿಂಪಡೆಯುವಿಕೆ ಘೋಷಿಸಿದ್ದಾರೆಯೇ ಎಂದು ವಿಚಾರಿಸಿ. ಲಾಚಿನ ದೋಷಕ್ಕಾಗಿ ಇಂಥ ಘೋಷಣೆಗಳು ಆಗಿವೆ. ಫೋರ್ಡ್ ಕಂಪನಿ 2020ರಲ್ಲಿ ಉತ್ತರ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಬಾಗಿಲ ಲಾಚ್ ಪರಿಶೀಲನೆಗೆಂದು ಕರೆಸಿಕೊಂಡಿತು. ತಡೆಹಲ್ಲಿನ ಸ್ಪ್ರಿಂಗ್ ಕೂರುವ ಸಣ್ಣ ಚಾಚು ಬಿರಿದು ಬಾಗಿಲು ಮುಚ್ಚಿಕೊಳ್ಳದಿರುವ, ಮುಚ್ಚಿದ್ದು ಓಡುವಾಗ ತೆರೆದುಕೊಳ್ಳಬಹುದಾದ ದೋಷ ಅದು. ಹಿಂಪಡೆಯುವಿಕೆಯ ವ್ಯಾಪ್ತಿಗೆ ಬರುವ ಕಾರಿನಲ್ಲಿ ಈ ಕೆಲಸವನ್ನು ತಯಾರಕರ ಖರ್ಚಿನಲ್ಲೇ ಮಾಡಿಕೊಡುತ್ತಾರೆ.

ಪ್ರಶ್ನೆ: ಕೈಗೆಲಸ ತಕ್ಕಮಟ್ಟಿಗೆ ಬರುತ್ತದೆ. ಲಾಚನ್ನು ನಾನೇ ಬದಲಿಸಿ ಕೂಲಿ ಉಳಿಸಬಹುದೇ?

ಉತ್ತರ: ಬದಲಿಸಬಹುದು. ನಿಮ್ಮ ಮಾದರಿಯ ಪ್ಯಾಡ್ ಎಲ್ಲೆಲ್ಲಿ ಹಿಡಿದಿದೆಯೆಂದು ಮೊದಲೇ ತಿಳಿದುಕೊಂಡು, ಹೊಸ ಕ್ಲಿಪ್ಪುಗಳನ್ನು ತಂದಿಟ್ಟುಕೊಂಡು ಕೂರಿ. ಪಕ್ಕದ ಏರ್‌ಬ್ಯಾಗ್ ಇರುವ ಕಾರಾದರೆ ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ತಯಾರಕರ ಕೈಪಿಡಿ ಹೇಳುವಷ್ಟು ಹೊತ್ತು ಕಾಯಿರಿ. ಬ್ಯಾಟರಿ ಜೋಡಿಸಿದ ಮೇಲೆ ಒಂದೇ ಒತ್ತಿಗೆ ಪೂರ್ತಿ ಏರುವ ಗಾಜು ಹಾಗೆ ಏರದಿದ್ದರೆ ಗಾಬರಿಯಾಗಬೇಡಿ. ಅದನ್ನು ಮತ್ತೆ ಹೊಂದಿಸುವ ವಿಧಾನವೂ ಕೈಪಿಡಿಯಲ್ಲಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾಗಿರುವುದು ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಗೆ. ಅದನ್ನು ಹರಿದು ಎಸೆಯುವವರೂ, ಅರೆಬರೆ ಅಂಟಿಸುವವರೂ ಗ್ಯಾರೇಜುಗಳಲ್ಲೇ ಇದ್ದಾರೆ. ಗಾಜಿನ ಅಂಚಿನಿಂದ ಬಾಗಿಲಿನೊಳಗೆ ಇಳಿಯುವ ಮಳೆನೀರು ಕೆಳಗಿನ ತೂತುಗಳಿಂದ ಹೊರಹೋಗುವಂತೆ ತಡೆದು ನಿಲ್ಲಿಸುವುದು ಆ ಹಾಳೆಯೇ. ಅದು ಸರಿಯಾಗಿ ಅಂಟಿರದಿದ್ದರೆ ನೀರು ಕಾರಿನೊಳಗಿನ ನೆಲಹಾಸಿಗೆ ಇಳಿಯುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಡಿಕ್ಕಿಯನ್ನು ಗ್ರಹಿಸುವ ಒತ್ತಡ ಸಂವೇದಕವೂ ಬಾಗಿಲಿನೊಳಗೇ ಇದ್ದು, ಬಾಗಿಲಿನ ಒಳಬದಿಯನ್ನು ಈ ಹಾಳೆ ಸಂದಿಯಿಲ್ಲದಂತೆ ಮುಚ್ಚಿದ್ದರೆ ಮಾತ್ರ ಅದು ಸರಿಯಾಗಿ ಗ್ರಹಿಸುತ್ತದೆ. ಹಳೆಯ ಅಂಟು ಹಿಡಿಯದಿದ್ದರೆ ಬ್ಯೂಟೈಲ್ ಅಂಟಿನ ಪಟ್ಟಿ ತಂದು ಸುತ್ತಲೂ ಎಲ್ಲೂ ಬಿಡದೆ ಅಂಟಿಸಿ. ಪ್ಯಾಡ್ ಹಾಕುವ ಮೊದಲು ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು, ಹಾಳೆಯ ಈಚೆಗೆ ಹನಿಯೂ ಬಂದಿಲ್ಲವೆಂದು ನೋಡಿಕೊಂಡ ನಂತರವೇ ಕ್ಲಿಪ್ಪುಗಳನ್ನು ಒತ್ತಿ.